ಯತೀಶನ ಕೈಯ ಸದ್ದು

ಈ ವರ್ಷದ ಜುಲೈಯಲ್ಲಿ, ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬಳ ತಂದೆಯನ್ನು ಬಂಟ್ವಾಳಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂತು. ಅವಳಿಗೆ ಜ್ವರ, ಗಂಡ ಊರಲ್ಲಿಲ್ಲ. ನನಗೆ ಕಾರು ಉಂಟು, ದಾರಿಯೂ ಗೊತ್ತುಂಟು. ಯಾಕೆ ಗೊತ್ತುಂಟು ಎಂದು ಅವಳಿಗೆ ತಿಳಿದಿರಲಿಲ್ಲ. ಮೂಡುಬಿದಿರೆಯಿಂದ ಸಿದ್ಧಕಟ್ಟೆಯವರೆಗೂ ಮುದುಕರು ರಬ್ಬರಿನ ರೇಟಿನ ಬಗ್ಗೆ ಮಾತಾಡುತ್ತಾ ಬಂದರು, ನಾನು ಹೂಂಗುಟ್ಟುತ್ತಾ ಬಂದೆ. ಆಸ್ಪತ್ರೆಯ ಮೆಟ್ಟಿಲು ಹತ್ತಿ, ಚಪ್ಪಲಿ ಕಳಚಿ, ಬಾಗಿಲು ದೂಡಿದ್ದೇ ತಡ, ಆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್ ವಾಸನೆ. ಯಂತ್ರದ ಕೊಳವೆಗಳನ್ನು ತೊಳೆಯುವ ಮದ್ದಿನದು ಅದು. ಮುದುಕರನ್ನು ಒಳಗೆ ಕೂರಿಸಿ ಬಂದು ನಾನು ಹೊರಗಿನ ಬೆಂಚಿನಲ್ಲಿ ಕೂತೆ.

"ಅಕ್ಕಾ, ಇದೆಂತ ಆಸ್ಪತ್ರೆಯಾ, ಉಪ್ಪಿನಕಾಯಿ ಫ್ಯಾಕ್ಟರಿಯಾ? ನಾಲ್ಕು ಗಂಟೆ ಇಲ್ಲಿ ಮಲಗಿದ್ರೆ ನಾನು ಮಿಡಿ ಉಪ್ಪಿನಕಾಯಿ ಆಗ್ತೇನೆ, ನೋಡು."

ನನ್ನ ತಮ್ಮ ಯತೀಶ ತನ್ನ ಡಯಾಲಿಸಿಸ್‌ನ ಮೊದಲ ದಿನ ಇಲ್ಲಿ ಹೇಳಿದ ಮಾತು. ಅವನು ಸತ್ತು ಆರು ಮಳೆಗಾಲ ಕಳೆಯಿತು. ನನಗೆ ನೆನಪಿರುವ ಮಳೆಗಾಲ ಒಂದೇ, ಅವನು ಇದ್ದ ಕೊನೆಯದ್ದು. ಮತ್ತೆಲ್ಲ ಮಳೆ ಬಂದು ಹೋದದ್ದು ಅಷ್ಟೆ.

ನಮ್ಮ ಮನೆ ವೇಣೂರಿನಿಂದ ಒಂದೂವರೆ ಮೈಲು ಒಳಗೆ. ಅಪ್ಪ ನಾವು ಸಣ್ಣವರಿರುವಾಗಲೇ ಹೋದರು. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದಳು. ಗೆರಸೆ ತೊಡೆಯ ಮೇಲೆ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತುವುದು. ನನಗೆ ಬುದ್ಧಿ ಬಂದಾಗಿನಿಂದ ಅವಳ ಕೈ ಖಾಲಿ ಕಂಡದ್ದು ಅಪರೂಪ. ಊರಿನವರಿಗೆ ಅವಳು ಗಿರಿಜಕ್ಕ. ಮಕ್ಕಳು ಬೆಚ್ಚಿ ಬಿದ್ದರೆ, ರಾತ್ರಿ ಹಠ ಮಾಡಿದರೆ, ತಾಯಂದಿರು ಎತ್ತಿಕೊಂಡು ಅವಳ ಹತ್ತಿರ ಬರುತ್ತಿದ್ದರು. ವೇಣೂರಿನ ಭಟ್ಟರು ಮಂತ್ರಿಸಿ ಕೊಟ್ಟ ಕಪ್ಪು ನೂಲನ್ನು ಮಗುವಿನ ಕೈಗೋ ಸೊಂಟಕ್ಕೋ ಕಟ್ಟುವುದು ಅಮ್ಮ. "ಗಿರಿಜಕ್ಕ ಕಟ್ಟಿದ್ರೆ ಮಗು ನಿದ್ದೆ ಮಾಡ್ತದೆ" ಎಂದು ಹೆಸರಿತ್ತು. ಅವಳ ಗಂಟು ಬಿಚ್ಚಿದ್ದು ಯಾರೂ ಕಂಡವರಿಲ್ಲ. ಬೀಡಿ ಕಟ್ಟುವ ಕೈಯಲ್ಲವೇ!

ನಾನು ಓದಿದೆ. ಓದಿದೆ ಎಂದರೆ ಓದುತ್ತಲೇ ಹೋದೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ., ಮತ್ತೆ ಪಿಎಚ್.ಡಿ. ನನ್ನ ಸಂಶೋಧನೆ ಕೋಳಿಮೊಟ್ಟೆಯಲ್ಲಿ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ರಕ್ತನಾಳ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದು ವಿಷಯ. ಮೊದಲಿಗೆ ಅದು ಒಂದೇ ಪದರದ ತೆಳ್ಳಗಿನ ಕೊಳವೆ. ಅದರ ಸುತ್ತ ನಯಸ್ನಾಯು ಕೋಶಗಳು ಬಂದು ಸೇರುತ್ತವೆ, ಒಂದು ಎರಡಾಗಿ ಎರಡು ನಾಲ್ಕಾಗಿ ಹೆಚ್ಚುತ್ತವೆ, ಸುತ್ತಲೂ ಪಟ್ಟಿ ಕಟ್ಟಿ ಗೋಡೆ ಎಬ್ಬಿಸುತ್ತವೆ. ಗೋಡೆ ಎದ್ದ ಮೇಲೆ ಹೆಚ್ಚುವುದನ್ನು ನಿಲ್ಲಿಸಿ, ಬಿಗಿಯುವುದು, ಸಡಿಲಿಸುವುದು, ಇಷ್ಟೇ ಕೆಲಸ ಮಾಡಿಕೊಂಡು ಜೀವಮಾನವಿಡೀ ತೆಪ್ಪಗೆ ಇರುತ್ತವೆ. ಆದರೆ ಆ ನಾಳಕ್ಕೆ ಎಲ್ಲಾದರೂ ಗಾಯವಾಯಿತೋ, ಮಲಗಿದ್ದ ಕೋಶಗಳು ಮತ್ತೆ ಎದ್ದು, ಮೊಟ್ಟೆಯೊಳಗಿನ ಕಾಲ ನೆನಪಾದ ಹಾಗೆ, ಪುನಃ ಹೆಚ್ಚಲು ಶುರುಮಾಡುತ್ತವೆ. ಇದನ್ನು ನಾನು ಇನ್ನೂರು ಪುಟ ಬರೆದು ಡಾಕ್ಟರ್ ಅನ್ನಿಸಿಕೊಂಡವಳು.

"ದಿನಾ ಮೊಟ್ಟೆ ಒಡೆದು ಮರಿ ಸಾಯಿಸಿ ಎಂತ ಓದೋ ನಿಂದು, ಪಾಪ ಸುತ್ತಿಕೊಳ್ಳುದಿಲ್ವಾ?" ಎನ್ನುತ್ತಿದ್ದಳು ಅಮ್ಮ, ತುಳುವಿನಲ್ಲಿ. ನಾವು ಮನೆಯಲ್ಲಿ ಆಡುವುದು ತುಳುವೇ.

"ನಿನಗೆ ಅರ್ಥ ಆಗುದಿಲ್ಲ, ಬಿಡು" ಎನ್ನುತ್ತಿದ್ದೆ ನಾನು. ಆ ಮಾತು ನನಗೆ ರೂಢಿಯಾಗಿ ಹೋಗಿತ್ತು.

ಯತೀಶ ಓದಲಿಲ್ಲ. ಬೆಳ್ತಂಗಡಿಯಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. "ರೈಟ್, ಪೋಯಿ!" ಎಂದು ಅವನು ಬಾಗಿಲಲ್ಲಿ ನೇತಾಡುತ್ತಾ ಕೂಗಿದರೆ ಇಡೀ ಬಸ್ಸಿಗೆ ಹುರುಪು. ಅಜ್ಜಿಯಂದಿರ ಚೀಲ ಹತ್ತಿಸುವುದು, ಶಾಲೆ ಹುಡುಗಿಯರನ್ನು ರೇಗಿಸದೆ ರೇಗಿಸುವುದು, ಚಿಲ್ಲರೆ ಇಲ್ಲದವರಿಗೆ "ನಾಳೆ ಕೊಡಿ, ನಾನೆಲ್ಲಿ ಓಡಿ ಹೋಗ್ತೇನೆ" ಎನ್ನುವುದು. ಇಪ್ಪತ್ತೆಂಟನೇ ವಯಸ್ಸಿಗೆ ಅವನ ಕಾಲು ಊದಿತು, ಮುಖ ಊದಿತು. ಬಿ.ಪಿ. ಎಷ್ಟು ಕಾಲದಿಂದ ಇತ್ತೋ ಯಾರಿಗೆ ಗೊತ್ತು. ಮಂಗಳೂರಿನ ಡಾಕ್ಟರು ಎರಡೂ ಕಿಡ್ನಿ ಹೋಗಿದೆ ಎಂದರು. ಅಮ್ಮ ನನ್ನದು ಕೊಡ್ತೇನೆ ಎಂದಳು. ಅವಳಿಗೆ ಸಕ್ಕರೆ ಕಾಯಿಲೆ, ಆಗಲಿಲ್ಲ. ನನ್ನದು ಹೊಂದಲಿಲ್ಲ. ಬದಲಿ ಕಿಡ್ನಿಗೆ ಹೆಸರು ಬರೆಸಿ ಡಯಾಲಿಸಿಸ್ ಶುರು ಮಾಡಿದೆವು. ಬೆಳ್ತಂಗಡಿಯಲ್ಲಿ ಜಾಗ ಸಿಗಲಿಲ್ಲ, ಬಂಟ್ವಾಳದಲ್ಲಿ ಸಿಕ್ಕಿತು. ವಾರಕ್ಕೆ ಎರಡು ಸಲ.

ಅದಕ್ಕಾಗಿ ಅವನ ಎಡಗೈಯ ಮಣಿಕಟ್ಟಿನ ಹತ್ತಿರ ಒಂದು ಆಪರೇಷನ್ ಮಾಡಿದರು. ಫಿಸ್ಟುಲಾ ಅನ್ನುತ್ತಾರೆ. ಶುದ್ಧರಕ್ತದ ಧಮನಿಗೂ ಪಕ್ಕದ ಅಭಿಧಮನಿಗೂ ಹೊಲಿಗೆ ಹಾಕಿ ಸೇರಿಸುವುದು. ಧಮನಿಯ ರಭಸಕ್ಕೆ ಆ ಬಡಪಾಯಿ ಅಭಿಧಮನಿ ಉಬ್ಬಿ, ಹಗ್ಗದಷ್ಟು ದಪ್ಪವಾಗಿ, ದಪ್ಪ ಸೂಜಿ ಚುಚ್ಚಲು ತಯಾರಾಗುತ್ತದೆ. ಅದೇ ಅವನ ಜೀವದ ಬಾಗಿಲು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿ.ಪಿ. ನೋಡಿಸುವಂತಿಲ್ಲ, ವಾಚು ಕಟ್ಟುವಂತಿಲ್ಲ, ಆ ಬದಿ ಒತ್ತಿ ಮಲಗುವಂತಿಲ್ಲ. ಬಸ್ಸಿನ ಕಂಬಿ ಹಿಡಿದು ನೇತಾಡುವುದಂತೂ ಮುಗಿಯಿತು. ಬಸ್ಸಿನ ಯಜಮಾನರು ಒಳ್ಳೆಯವರು, ಅವನನ್ನು ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಮಾಡಿ ಕೂರಿಸಿದರು. ಮಧ್ಯಾಹ್ನ ನಾನು ಕಾಲೇಜಿನಿಂದ ಇಳಿದು ಬಂದರೆ ಕೊಡೆ ಹಿಡಿದು ನಿಂತು, ಎರಡು ನಿಮಿಷ ತಡವಾಗಿ ಬಂದ ಡ್ರೈವರನ ಜೊತೆ ಜಗಳ ಕಾಯುತ್ತಿರುತ್ತಿದ್ದ.

ಆ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ನಡುಗುತ್ತದೆ. ಕಿವಿ ಇಟ್ಟರೆ ಸದ್ದು ಕೇಳುತ್ತದೆ. ಆಪರೇಷನ್ ಮಾಡಿದ ಡಾಕ್ಟರು, ದಿನಾ ಬೆಳಿಗ್ಗೆ ಮುಟ್ಟಿ ನೋಡಿ, ನಡುಕ ನಿಂತರೆ ಆ ಕ್ಷಣ ಓಡಿ ಬನ್ನಿ ಎಂದಿದ್ದರು. ಯತೀಶ ಅದಕ್ಕೆ ಇಂಜಿನ್ ಎಂದು ಹೆಸರಿಟ್ಟ. ಬೆಳಿಗ್ಗೆ ಎದ್ದವನೇ ಚಾಪೆಯಲ್ಲಿ ಕೂತು, "ಅಮ್ಮಾ, ಇಂಜಿನ್ ಚೆಕ್!" ಎಂದು ಕೂಗುವುದು. ಅಮ್ಮ ಒಲೆ ಬಿಟ್ಟು ಬಂದು, ಕೈ ಒರಸಿ, ಅವನ ಮಣಿಕಟ್ಟಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೂರುವುದು. ಇಪ್ಪತ್ತೆಂಟು ವರ್ಷದ ಗಡ್ಡಧಾರಿ ಮಗ, ಅವನ ಕೈಗೆ ಕಿವಿ ಕೊಟ್ಟ ತಾಯಿ. ನನಗೆ ನಗು ಬರುತ್ತಿತ್ತು. "ಗುಂಯ್ ಅಂತದೆ, ಜೇನುಗೂಡಿನ ಹಾಗೆ" ಎಂದು ಹೇಳಿ ಅವಳು ಎದ್ದರೆ ಮನೆಗೆ ಬೆಳಗಾಯಿತು ಎಂದು ಲೆಕ್ಕ.

ಪಥ್ಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರನ್ನು ನಾನು ಕಾಣೆ. ತರಕಾರಿ ಎರಡು ಸಲ ಬೇಯಿಸಿ ನೀರು ಬಸಿದು ಚೆಲ್ಲುವಳು. ಎಳನೀರು, ಬಾಳೆಹಣ್ಣು ಮನೆಯೊಳಗೆ ಬರುವಂತಿಲ್ಲ. ಆಷಾಢದ ಕೊನೆಗೆ ಬರುವ ಆಟಿ ಅಮಾವಾಸ್ಯೆಗೆ ಊರೆಲ್ಲ ಹಾಲೆ ಮರದ ತೊಗಟೆ ಕೆತ್ತಿ ಮಾಡಿದ ಕಷಾಯ ಕುಡಿಯುವಾಗ, ಇವನು ಒಂದು ಗುಟುಕು ಎಂದು ಗೋಗರೆದರೂ ಕೊಡಲಿಲ್ಲ. "ಡಾಕ್ಟ್ರು ಹೇಳಿದ್ದಾ? ಇಲ್ಲಲ್ಲ? ಮತ್ತೆ ಸುಮ್ಮನೆ ಕೂತ್ಕೋ" ಎಂದಳು.

ಆ ಕಷಾಯಕ್ಕೆ ಎರಡು ವಾರ ಮೊದಲಿನ ಮಾತು. ಜುಲೈ ಮಧ್ಯ, ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ, ಫಲ್ಗುಣಿ ಹೊಳೆ ದಡಕ್ಕೆ ಬಂದಿತ್ತು. ನಾನು ವಾರದ ಕೊನೆಗೆ ಮೂಡುಬಿದಿರೆಯ ಬಾಡಿಗೆ ಕೋಣೆಯಿಂದ ಮನೆಗೆ ಬಂದಿದ್ದೆ. ಚಹಾ ಕೊಡುತ್ತಾ ಅಮ್ಮ ದನಿ ತಗ್ಗಿಸಿ ಹೇಳಿದಳು.

"ಮಗಾ, ಅವನ ಕೈಯ ಸದ್ದು ಬದಲಾಗಿದೆ."

"ಬದಲಾಗುದೆಂತ?"

"ಮೊದಲು ಗುಂಯ್ ಅಂತಿತ್ತು, ಬಿಡದೆ. ಈಗ ಸಣ್ಣಕ್ಕೆ ಸೀಟಿ ಹಾಕಿದ ಹಾಗೆ. ಮಧ್ಯ ಮಧ್ಯ ತುಂಡಾಗ್ತದೆ."

"ನಡುಕ ಉಂಟಾ?"

"ಉಂಟು. ಆದ್ರೆ..."

"ಉಂಟಲ್ಲ? ಹಾಗಾದ್ರೆ ಸರಿ ಉಂಟು. ಸುಮ್ಮನೆ ಇಲ್ಲದ್ದು ತಲೆಗೆ ಹಾಕ್ಕೊಳ್ಬೇಡ. ನಿನಗೆ ಅರ್ಥ ಆಗುದಿಲ್ಲ."

ನಾನು ಎದ್ದು ಹೋಗಿ ಆ ಕೈಗೆ ಕಿವಿ ಕೊಡಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಅವನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾ ಬಿದ್ದಿದ್ದ. ನಾಲ್ಕು ಹೆಜ್ಜೆ! ಆ ಹೊತ್ತಿಗೆ ನನ್ನ ತಲೆ ತುಂಬ ಕಾಲೇಜು. ಆಗಸ್ಟಿನಲ್ಲಿ ಪರಿಶೀಲನಾ ತಂಡ ಬರುವುದಿತ್ತು, ನಮ್ಮ ವಿಭಾಗದ ಐದು ವರ್ಷದ ಕಡತಗಳನ್ನು ತಯಾರು ಮಾಡುವ ಭಾರ ನನ್ನ ಮೇಲೆ ಬಿದ್ದಿತ್ತು. ಕೆಲಸ ಕಾಯಂ ಆಗುವುದು ಅದರ ಮೇಲೆ ನಿಂತಿದೆ ಎಂದು ಪ್ರಾಂಶುಪಾಲರು ಸೂಚ್ಯವಾಗಿ ಹೇಳಿದ್ದರು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ, ಆ ತಿಂಗಳು ಅದು ಮೂಗು ದಾಟಿ ಹೊರಗೇ ಇತ್ತು.

ಮುಂದಿನ ವಾರ ಮೂಡುಬಿದಿರೆ ಸ್ಟ್ಯಾಂಡಿನ ಹೋಟೆಲಿನಲ್ಲಿ ಯತೀಶನೇ ಹೇಳಿದ. ಡಯಾಲಿಸಿಸ್ ಮಾಡುವ ನರ್ಸ್ ಫ್ಲೇವಿಯಾ ಬಾಯಿ ಹೇಳಿ ಕಳಿಸಿದ್ದರು. ಯಂತ್ರದಲ್ಲಿ ರಕ್ತ ವಾಪಸ್ ಹೋಗುವ ಒತ್ತಡ ಹೆಚ್ಚು ತೋರಿಸುತ್ತದೆ, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ತುಂಬ ಹೊತ್ತು ಹಿಡಿಯುತ್ತದೆ, ಒಮ್ಮೆ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದರೆ ಒಳ್ಳೆಯದು ಎಂದು.

"ಅರ್ಜೆಂಟಾ?" ಎಂದೆ.

"ಅರ್ಜೆಂಟ್ ಅಂತ ಹೇಳ್ಲಿಲ್ಲ. ಬೇಗ ಅಂದ್ರು. ನಿನಗೆ ಪುರುಸೊತ್ತು ಉಂಟಾ?"

"ಹತ್ತನೇ ತಾರೀಕಿಗೆ ನಮ್ಮ ತಂಡ ಬಂದು ಹೋಗ್ತದೆ. ಹನ್ನೊಂದಕ್ಕೆ ಹೋಗುವ."

"ಆಯ್ತು, ಹನ್ನೊಂದಕ್ಕೆ ಹೋಗುವ" ಎಂದ ಅವನು. "ನನಗೇನು, ಇಂಜಿನ್ ಓಡ್ತಾ ಉಂಟಲ್ಲ ಮಾರಾಯ್ತಿ." ಉದ್ದಿನ ವಡೆಯಂಥ ಬಿಸ್ಕುಟ್ ಅಂಬಡೆಯ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ. ಅವನಿಗೆ ಅದರಲ್ಲಿ ಅರ್ಧ ಮಾತ್ರ ತಿನ್ನುವ ಅಪ್ಪಣೆ ಇದ್ದದ್ದು.

ಅವನೊಬ್ಬನೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ದೊಡ್ಡ ಆಸ್ಪತ್ರೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾಗದ ನೋಡಿದರೆ ಅವನಿಗೂ ಅಮ್ಮನಿಗೂ ಕೈಕಾಲು ತಣ್ಣಗಾಗುತ್ತಿತ್ತು. ಅಕ್ಕ ಇದ್ದಾಳಲ್ಲ, ಅವಳು ಇದನ್ನೇ ಓದಿದವಳು, ಅವಳು ಬಂದರೆ ಸರಿ. ಅವರಿಬ್ಬರ ನಂಬಿಕೆಯೇ ಅದು. ನಾನು ಆ ನಂಬಿಕೆಯ ಮೇಲೆ ಕಡತ ಇಟ್ಟು ಕೂತಿದ್ದೆ.

ಆಗಸ್ಟ್ ಆರಂಭದ ಶುಕ್ರವಾರ. ನನಗೆ ಹೇಳಿದರೆ ಬೈಗಳೇ ಎಂದು ಗೊತ್ತಿದ್ದ ಅಮ್ಮ, ತನಗೆ ತಿಳಿದದ್ದನ್ನು ಮಾಡಿದಳು. ಮಳೆಯಲ್ಲಿ ವೇಣೂರಿಗೆ ನಡೆದು ಹೋಗಿ, ಭಟ್ಟರ ಹತ್ತಿರ ನೂಲು ಮಂತ್ರಿಸಿಕೊಂಡು ಬಂದು, ಸಂಜೆ ದೀಪ ಹಚ್ಚಿ, ಮಗನ ಎಡ ರಟ್ಟೆಗೆ ಕಟ್ಟಿದಳು. ಆ ಕೈಗೆ ಏನೂ ಕಟ್ಟಬಾರದು ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೆ ಮಣಿಕಟ್ಟು ಬಿಟ್ಟು ಅಷ್ಟು ಮೇಲೆ, ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಿದ್ದಾಗಿ ಆಮೇಲೆ ಹೇಳಿದಳು. ಕೇಡು ಬಂದದ್ದು ಆ ಕೈಗೆ, ಇನ್ನೊಂದು ಕೈಗೆ ಕಟ್ಟಿ ಏನು ಪ್ರಯೋಜನ ಎಂಬುದು ಅವಳ ಲೆಕ್ಕ. ಯತೀಶ ತಡೆಯಲಿಲ್ಲ. ಅಮ್ಮನಿಗೆ ಸಮಾಧಾನವಾಗುವುದಾದರೆ ಅವನು ಕುತ್ತಿಗೆಗೂ ಕಟ್ಟಿಸಿಕೊಳ್ಳುತ್ತಿದ್ದ.

ಶನಿವಾರ ಸದ್ದಿತ್ತು. ಭಾನುವಾರ ಬೆಳಿಗ್ಗೆ ಇಂಜಿನ್ ಚೆಕ್ ಎಂದವನ ಕೈಗೆ ಅಮ್ಮ ಕಿವಿ ಒತ್ತಿದಳು, ತೆಗೆದಳು, ಇನ್ನೊಂದು ಕಿವಿ ಒತ್ತಿದಳು. ನಾನು ಹಿಂದಿನ ರಾತ್ರಿಯಷ್ಟೇ ಬಂದವಳು ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ.

"ಕೇಳ್ತಾ ಇಲ್ಲ" ಎಂದಳು.

ನಾನು ಓಡಿ ಬಂದು ಬೆರಳಿಟ್ಟೆ. ನಡುಕವಿಲ್ಲ. ಹಗ್ಗದಂತೆ ಉಬ್ಬಿದ್ದ ನಾಳ ಗಟ್ಟಿಯಾಗಿ, ಒಳಗೆ ಕಲ್ಲು ತುಂಬಿದ ಹಾಗೆ ಇತ್ತು. ಅಂಗಿಯ ತೋಳು ಮೇಲೆ ಸರಿಸಿದೆ. ಕಪ್ಪು ನೂಲು ಕಂಡಿತು. ಅದು ಕಂಡದ್ದೇ ಕಂಡದ್ದು, ನನಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಚ್ಚಿದೆ, ಆಗಲಿಲ್ಲ. ಗೆರಸೆಯಲ್ಲಿದ್ದ ಬೀಡಿ ಎಲೆಯ ಕತ್ತರಿ ತಂದು ಕತ್ತರಿಸಿ ಅವಳ ಮುಖದ ಮೇಲೆ ಎಸೆದೆ.

"ನೋಡು, ನೋಡು ನೀನು ಮಾಡಿದ್ದು! ಆ ಕೈಗೆ ಏನೂ ಕಟ್ಟಬಾರದು ಅಂತ ನೂರು ಸಲ ಹೇಳಿದ್ದಾರೆ. ನಿನ್ನ ಈ ನೂಲೇ ಅವನನ್ನು ಕೊಲ್ತದೆ!"

"ಸಡಿಲ ಕಟ್ಟಿದ್ದೆ ಮಗಾ..."

"ಸಡಿಲವಂತೆ! ಬೀಡಿ ಕಟ್ಟುವವಳಿಗೆ ಸಡಿಲ ಅಂದ್ರೆ ಏನಂತ ಗೊತ್ತುಂಟಾ?"

"ಅಕ್ಕಾ, ಸಾಕು" ಎಂದ ಯತೀಶ. ಅವನು ನನಗೆ ಸಾಕು ಎಂದದ್ದು ಜೀವನದಲ್ಲಿ ಅದೊಂದೇ ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ನೂಲಿನ ತುಂಡನ್ನು ನೆಲದಿಂದ ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು.

ಅದೇ ದಿನ ಬಾಡಿಗೆ ಕಾರು ಮಾಡಿ ಮಂಗಳೂರಿಗೆ ಹೋದೆವು. ಸ್ಕ್ಯಾನ್ ಆಯಿತು. ಡಾಕ್ಟರು ನನ್ನನ್ನೊಬ್ಬಳನ್ನೇ ಒಳಗೆ ಕರೆದರು, ಪರದೆಯ ಮೇಲೆ ತೋರಿಸಿದರು. ನಾಳ ಮೊಣಕೈಯ ಕೆಳಗೆ ಒಂದು ಕಡೆ ಸೂಜಿಯ ತೂತಿನಷ್ಟು ಕಿರಿದಾಗಿತ್ತು. ಅಲ್ಲಿಂದ ಹಿಂದಕ್ಕೆಲ್ಲ ರಕ್ತ ಹೆಪ್ಪುಗಟ್ಟಿ ನಿಂತಿತ್ತು. ಗೋಡೆ ಒಳಮುಖವಾಗಿ ದಪ್ಪಗೆ ಬೆಳೆದಿತ್ತು.

ನನಗೆ ಅವರು ವಿವರಿಸಬೇಕಾಗಿರಲಿಲ್ಲ. ಆ ಗೋಡೆಯಲ್ಲಿ ಇದ್ದವು ನನ್ನವೇ ಕೋಶಗಳು, ನನ್ನ ಇನ್ನೂರು ಪುಟದವು. ಅಭಿಧಮನಿಗೆ ಅಂಥ ರಭಸ ಗೊತ್ತಿಲ್ಲ. ಅದು ಬಡಿದದ್ದೆಲ್ಲ ಅದಕ್ಕೆ ಗಾಯ. ಹೊಲಿಗೆ ಗಾಯ, ವಾರಕ್ಕೆರಡು ಸಲ ಚುಚ್ಚುವ ಸೂಜಿ ಗಾಯ. ಗಾಯ ಮಾಯಿಸಲು ಎದ್ದ ನಯಸ್ನಾಯು ಕೋಶಗಳು ಹೆಚ್ಚುತ್ತಾ, ಒಳಕ್ಕೆ ತೆವಳುತ್ತಾ, ಪದರದ ಮೇಲೆ ಪದರ ಹಾಕುತ್ತವೆ. ಬಿರುಕು ಬಿಟ್ಟ ಗೋಡೆಗೆ ಒಳಗಿನಿಂದ ಗಾರೆ ಮೆತ್ತುತ್ತಾ ಮೆತ್ತುತ್ತಾ ಕೋಣೆಯೇ ಇಲ್ಲದಂತಾಗುವ ಹಾಗೆ. ಎಲ್ಲಿ ನಿಲ್ಲಿಸಬೇಕು ಎಂಬುದು ಮೊಟ್ಟೆಯೊಳಗಿದ್ದಾಗ ಅವಕ್ಕೆ ಗೊತ್ತಿರುತ್ತದೆ, ಗಾಯದ ಹೊತ್ತಿಗೆ ಗೊತ್ತಿರುವುದಿಲ್ಲ. ದಾರಿ ಕಿರಿದಾದಾಗ ರಕ್ತ ಸೀಟಿ ಹಾಕುತ್ತಾ ನುಗ್ಗುತ್ತದೆ. ಅಮ್ಮ ಕೇಳಿದ್ದು ಅದನ್ನು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಮನೆಯ ಒಲೆಯ ಮುಂದೆಯೇ ಇದ್ದ ಕಿವಿಯನ್ನು ನಾನು ನಂಬಲಿಲ್ಲ.

"ಸುಮ್ಮನೆ ತಿಳ್ಕೊಳ್ಲಿಕ್ಕೆ ಕೇಳ್ತೇನೆ" ಎಂದೆ ಡಾಕ್ಟರಿಗೆ, ಯಾಕೆ ಹಾಗೆ ಸುತ್ತಿ ಬಳಸಿ ಕೇಳಿದೆನೋ. "ರಟ್ಟೆಗೆ ಒಂದು ನೂಲು ಕಟ್ಟಿದ್ರು. ಅದ್ರಿಂದ..."

"ನೂಲಾ?" ಅವರು ತಲೆ ಅಲ್ಲಾಡಿಸಿದರು. "ನೂಲಿಗೆ ಇಷ್ಟು ತಾಕತ್ತಿಲ್ಲ ಮೇಡಂ. ಇದು ಎರಡು ಮೂರು ತಿಂಗಳಿಂದ ಆಗ್ತಾ ಬಂದದ್ದು. ಸದ್ದು ಬದಲಾಗಿರ್ಬೇಕು, ಯಂತ್ರದಲ್ಲಿ ಪ್ರೆಶರ್ ಹೆಚ್ಚು ಬಂದಿರ್ಬೇಕು. ನಿಮಗೆ ಯಾರೂ ಹೇಳ್ಲಿಲ್ವಾ? ಹದಿನೈದು ದಿನ ಮೊದಲು ಬಂದಿದ್ರೆ ಬಲೂನ್ ಹಾಕಿ ಅಗಲ ಮಾಡ್ತಿದ್ದೆವು."

ಯಾರೂ ಹೇಳಲಿಲ್ಲವೇ? ಇಬ್ಬರು ಹೇಳಿದ್ದರು. ನಾನು ಮೇಜಿನ ಅಂಚು ಹಿಡಿದು ಕೂತೆ. ಡಾಕ್ಟರು ಹೆಪ್ಪು ತೆಗೆಯಲು ನೋಡುತ್ತೇವೆ, ಆಗದಿದ್ದರೆ ಕುತ್ತಿಗೆಗೆ ನಳಿಗೆ ಹಾಕಿ ಡಯಾಲಿಸಿಸ್ ಮಾಡಬೇಕಾಗುತ್ತದೆ, ಆಮೇಲೆ ಬಲಗೈಗೆ ಹೊಸದು ಮಾಡುವ ಎಂದರು.

ಹೊರಗೆ ಬಂದಾಗ ಅಮ್ಮ ಬೆಂಚಿನಿಂದ ಎದ್ದಳು. ಒದ್ದೆ ಸೀರೆಯ ಅಂಚು ಕಾಲಿಗೆ ಅಂಟಿಕೊಂಡಿತ್ತು. ಸೆರಗಿನ ಗಂಟು ಮುಷ್ಟಿಯಲ್ಲಿತ್ತು.

"ನೂಲಿನ ವಿಷಯ ಏನಾದ್ರೂ ಹೇಳಿದ್ರಾ?"

ಅಲ್ಲ ಅಮ್ಮ, ನೂಲಿನಿಂದಲ್ಲ, ನೀನು ಸರಿಯಾಗಿಯೇ ಕೇಳಿದ್ದಿ, ತಪ್ಪಿದ್ದು ನಾನು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ನನಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಅಷ್ಟು ದೊಡ್ಡದಾಗಿ ಬಂದ ಬಾಯಿ, ಆಗ ಬರಲಿಲ್ಲ. "ಈಗ ಅದೆಲ್ಲ ಯಾಕೆ?" ಎಂದೆ. ಅವಳು ಅದರ ಅರ್ಥವನ್ನು ತನಗೆ ತೋಚಿದ ಹಾಗೆ ಮಾಡಿಕೊಂಡಳು. ಮಾಡಿಕೊಳ್ಳಲಿ ಎಂದೇ ನಾನು ಹಾಗೆ ಹೇಳಿದ್ದು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಹೆಪ್ಪು ಹೋಗಲಿಲ್ಲ. ಕುತ್ತಿಗೆಗೆ ನಳಿಗೆ ಹಾಕಿದರು. "ನೋಡು, ಮೀಟರ್ ಫಿಟ್ ಮಾಡಿದ್ದಾರೆ" ಎಂದು ಯತೀಶ ನಕ್ಕ. ಹತ್ತನೇ ತಾರೀಕಿಗೆ ಪರಿಶೀಲನಾ ತಂಡ ಬಂತು, ನಮ್ಮ ಕಡತ ನೋಡಿ ಮೆಚ್ಚಿಕೊಂಡಿತು, ನಾನು ಸೀರೆ ಉಟ್ಟು ನಿಂತು ನಗುತ್ತಾ ಫೋಟೋ ತೆಗೆಸಿಕೊಂಡೆ. ಮೂರನೇ ವಾರಕ್ಕೆ ಅವನಿಗೆ ಚಳಿ ಜ್ವರ ಬಂತು. ನಳಿಗೆ ಇದ್ದವರಿಗೆ ಹೀಗೆ ನಂಜು ಏರುವುದುಂಟು, ಎಷ್ಟು ಜಾಗ್ರತೆ ಮಾಡಿದರೂ ಕೆಲವರಿಗೆ ಏರುತ್ತದೆ. ಮಂಗಳೂರಿನಲ್ಲಿ ನಾಲ್ಕು ದಿನ ಇದ್ದ. ಐದನೇ ದಿನ ಮಧ್ಯಾಹ್ನ, ಒಳ್ಳೆಯ ಬಿಸಿಲು ಬಿದ್ದಿತ್ತು, ಅವನು ಹೋದ. ಬಸ್ಸಿನ ಹುಡುಗರೆಲ್ಲ ಬಂದಿದ್ದರು. ಮನೆಯ ಅಂಗಳದಲ್ಲಿ ಜನ ಹಿಡಿಸಲಿಲ್ಲ. ಯಾರು ಬಂದರು, ಯಾರು ಎತ್ತಿದರು, ನನಗೆ ಒಂದೂ ನೆನಪಿಲ್ಲ. ನನ್ನನ್ನು ಇಬ್ಬರು ಹಿಡಿದುಕೊಂಡಿದ್ದರು ಎಂದು ಆಮೇಲೆ ಹೇಳಿದರು.

ಅಮ್ಮ ಆಮೇಲೆ ಯಾವ ಮಗುವಿಗೂ ನೂಲು ಕಟ್ಟಲಿಲ್ಲ. ತಾಯಂದಿರು ಗೇಟಿನ ತನಕ ಬಂದರೆ, "ಇಜ್ಜಿ ಮಗಾ, ನನ್ನ ಕೈ ಒಳ್ಳೇದಲ್ಲ, ಬೇರೆಯವರ ಹತ್ತಿರ ಹೋಗಿ" ಎಂದು ಒಳಗೆ ನಡೆಯುವಳು. ಕ್ರಮೇಣ ಯಾರೂ ಬರಲಿಲ್ಲ. ನಾನು ಮದುವೆಯಾದೆ, ಮಗಳು ಹುಟ್ಟಿದಳು. ತೊಟ್ಟಿಲು ಹಾಕುವ ದಿನ ಅಜ್ಜಿಯೇ ಸೊಂಟಕ್ಕೆ ಕಪ್ಪು ನೂಲು ಕಟ್ಟಬೇಕು, ನಮ್ಮಲ್ಲಿ ಹಾಗೆ. ಅಮ್ಮ ಕೈ ಹಿಂದಕ್ಕೆ ಕಟ್ಟಿ ಗೋಡೆಗೆ ಒರಗಿ ನಿಂತಳು. ಅತ್ತೆ ಕರೆದರು, ನೆಂಟರು ಕರೆದರು. ಬರಲಿಲ್ಲ. ಕೊನೆಗೆ ಅತ್ತೆಯೇ ಕಟ್ಟಿದರು. ಅಮ್ಮ ನನ್ನ ಮುಖ ನೋಡಿದಳು, ನೀನು ಬೇಡ ಅಂದ ಹಾಗೆ ದೂರ ಇದ್ದೇನೆ ಎನ್ನುವ ಹಾಗೆ. ಆಗಲಾದರೂ ನಾನು ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಹೇಳಿದರೆ ತಮ್ಮನನ್ನು ಕೊಂದವಳು ನಾನಾಗುತ್ತೇನೆ, ಹೇಳದಿದ್ದರೆ ಅಮ್ಮ. ಹೀಗೆ ಅಳೆದು ತೂಗಿ ಆರು ವರ್ಷ ಕಳೆದವಳನ್ನು ಏನೆಂದು ಕರೆಯುವುದು? ತರಗತಿಯಲ್ಲಿ ಮಕ್ಕಳು ನನ್ನನ್ನು ಡಾಕ್ಟರ್ ಮೇಡಂ ಎನ್ನುತ್ತಾರೆ.

ಈ ಜುಲೈಯ ಆ ದಿನ ಬಂಟ್ವಾಳದ ಬೆಂಚಿನಲ್ಲಿ ಕೂತಿದ್ದಾಗ ಫ್ಲೇವಿಯಾ ಬಾಯಿ ಹೊರಗೆ ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತಿಸಿದರು.

"ನೀವು ಯತೀಶನ ಅಕ್ಕ ಅಲ್ವಾ? ಅವನು ಇದ್ದಾಗ ಈ ಕೋಣೆಯಲ್ಲಿ ನಗು ಇತ್ತು, ಗೊತ್ತುಂಟಾ." ನನ್ನ ಪಕ್ಕ ಬೆಂಚಿನಲ್ಲಿ ಕೂತು, "ಅಮ್ಮ ಹೇಗಿದ್ದಾರೆ? ಪಾಪ, ಕೈಯ ಸದ್ದು ಸರಿ ಇಲ್ಲ ಅಂತ ಮೊದಲು ಬಂದು ನನಗೆ ಹೇಳಿದ್ದು ಅವರೇ. ನಾನು ಆಮೇಲೆ ಯಂತ್ರ ನೋಡಿದ್ದು" ಎಂದರು.

ಅಂದರೆ ನಾನು ಬೈದ ಮೇಲೆ ಅವಳು ಸುಮ್ಮನೆ ಕೂತಿರಲಿಲ್ಲ. ಬಸ್ಸು ಹತ್ತಿ ಬಂಟ್ವಾಳದವರೆಗೆ ಬಂದು, ಮಾತು ತಡವರಿಸುತ್ತಾ, ಇವರ ಹತ್ತಿರ ಹೇಳಿ ಹೋಗಿದ್ದಳು. ಅದೂ ಫಲಿಸದೆ ನೂಲಿಗೆ ಹೋದವಳು. ನನಗೆ ಇದು ಗೊತ್ತೇ ಇರಲಿಲ್ಲ.

ಮುದುಕರನ್ನು ಮೂಡುಬಿದಿರೆಯಲ್ಲಿ ಇಳಿಸಿ, ನನ್ನ ಮನೆಗೂ ಹೋಗದೆ, ಸೀದಾ ವೇಣೂರಿನ ದಾರಿ ಹಿಡಿದೆ. ಮೂರೂವರೆಯ ಹೊತ್ತು. ಮಳೆ ಬಿಟ್ಟಿತ್ತು. ಅಮ್ಮ ಜಗುಲಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಕಣ್ಣು ಮಂದವಾಗಿದೆ, ಆದರೂ ಬಿಡುವುದಿಲ್ಲ. "ಇದೆಂತ ಈ ಹೊತ್ತಿಗೆ? ಮಗು ಎಲ್ಲಿ?" ಎಂದಳು. ನಾನು ಅವಳ ಎದುರು ನೆಲದಲ್ಲಿ ಕೂತೆ. ತಡ ಮಾಡಿದರೆ ಮತ್ತೆ ನಾಲಿಗೆ ಹಿಂದೆ ಹೋಗುತ್ತದೆ ಎಂದು ಕೂತ ಕೂಡಲೇ ಹೇಳಿದೆ.

"ಅಮ್ಮ, ಯತೀಶನ ಕೈ ನಿಂತದ್ದು ನಿನ್ನ ನೂಲಿಂದ ಅಲ್ಲ."

ಕತ್ತರಿ ಎರಡು ಎಲೆ ಕತ್ತರಿಸಿ ನಿಂತಿತು. "ಯಾರು ಹೇಳಿದ್ದು?"

"ಡಾಕ್ಟ್ರು. ಸ್ಕ್ಯಾನ್ ಮಾಡಿದ ದಿನ."

"ಯಾವ ದಿನ?"

"ಅದೇ ದಿನ. ನೀನು ಹೊರಗೆ ಬೆಂಚಿನಲ್ಲಿ ಇದ್ದಿ. ಒಳಗಿಂದ ನಾಳ ದಪ್ಪ ಆಗಿ ಆಗಿ ದಾರಿ ಮುಚ್ಚಿತ್ತು, ತಿಂಗಳುಗಟ್ಟಲೆಯಿಂದ. ನೀನು ಸೀಟಿ ಅಂದದ್ದು ಅದೇ ಅಮ್ಮ. ನೀನು ಹೇಳಿದಾಗಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ದ. ಹೋಗ್ಲಿಲ್ಲ ನಾನು. ನನ್ನ ತಪ್ಪು. ನಿನ್ನದಲ್ಲ."

ಬೈಯುತ್ತಾಳೆ ಎಂದುಕೊಂಡೆ. ಗೆರಸೆ ಎತ್ತಿ ಹೊಡೆದರೂ ಸರಿ ಎಂದು ತಲೆ ತಗ್ಗಿಸಿದ್ದೆ. ಅವಳು ಕತ್ತರಿಯನ್ನು ಗೆರಸೆಯಲ್ಲಿ ಇಟ್ಟಳು. ಆಮೇಲೆ ಸಣ್ಣ ಹುಡುಗಿ ಕೇಳುವ ಹಾಗೆ ಕೇಳಿದಳು.

"ಹಾಗಾದ್ರೆ ನಾನು ಮಾಡಿದ್ದಲ್ಲ?"

"ಅಲ್ಲ."

"ಖಂಡಿತಾ?"

"ಖಂಡಿತಾ ಅಮ್ಮ."

ಅವಳು ಗೆರಸೆಯನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟಳು. ಕೈಗೆ ಅಂಟಿದ್ದ ಹೊಗೆಸೊಪ್ಪಿನ ಹುಡಿಯನ್ನು ಸೀರೆಗೆ ಒರಸಿಕೊಂಡಳು, ಎರಡೆರಡು ಸಲ.

"ಅವನನ್ನು ಅಂಗಳದಲ್ಲಿ ಮಲಗಿಸಿದ್ರಲ್ಲ" ಎಂದಳು. "ಬಾಯಿಗೆ ನೀರು ಬಿಡ್ಲಿಕ್ಕೆ ನನ್ನನ್ನು ಕರೆದ್ರು. ತಾಯಿ ಬರ್ಬೇಕು, ತಾಯಿ ಎಲ್ಲಿ ಅಂತ ಮೂರು ಸಲ ಕರೆದ್ರು. ನಾನು ಹಿಂದೆ ಸೌದೆ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದೆ. ಕೊಂದವಳ ಕೈಯ ನೀರು ಅವನ ಗಂಟಲಲ್ಲಿ ಇಳಿಯುದಿಲ್ಲ ಅಂತ. ಎತ್ತಿಕೊಂಡು ಹೋಗುವ ತನಕ ಹೊರಗೆ ಬರ್ಲಿಲ್ಲ."

ನಾನು ಅವಳ ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲೂ ಇಲ್ಲ, ನನ್ನ ತಲೆಯ ಮೇಲೆ ಕೈ ಇಡಲೂ ಇಲ್ಲ.

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮಗಾ" ಎಂದಳು. "ನನ್ನ ಮಗನಿಗೆ ನಾನು ನೀರು ಕೊಡ್ತಿದ್ದೆ."